ನಂಬರಿಲ್ಲದ ಹಿಂದಿನ ಟ್ರೇಲರ್ ಅವರ ಸನ್ನಿಧಾನಕ್ಕೆ

ಅಂಕಲಗಿಯಿಂದ ಕಣಗಲಾದ ತನಕ, ಮೂಡಲಗಿಯ ಕಾಲುವೆ ದಂಡೆಯಿಂದ ಹುಕ್ಕೇರಿಯ ಪೇಟೆಯ ತಿರುವಿನ ತನಕ, ಕಬ್ಬಿನ ಹಂಗಾಮು ಹಿಡಿದ ದಿನದಿಂದ ಬಿಡುವ ದಿನದವರೆಗೆ ಡಾಂಬರು ರಸ್ತೆಯನ್ನೆಲ್ಲ ಅಡ್ಡಾಡಿ ಆಳುತ್ತಿರುವ ಮಾನ್ಯ ಹಿಂದಿನ ಟ್ರೇಲರ್ ಅವರೇ,

ಮೂಡಲಗಿಯ ಹೊರಗೆ ತೋಟದ ಮನೆಯಲ್ಲಿ ಇರುವ, ಬಾಜೂ ಹಳ್ಳಿಯ ಅಂಗನವಾಡಿಯಲ್ಲಿ ಕಲಿಸುವ, ಬಿಸಿಲು ಮಳೆ ಚಳಿ ಎನ್ನದೆ ಸೈಕಲ್ ಮೇಲೆ ಹೋಗಿಬರುವ ಶೋಭಾ ಎಂಬ ಹೆಂಗಸಿನ ಶರಣು ಶರಣಾರ್ಥಿ. ತಾವು ಕ್ಷೇಮವೆಂದು ಭಾವಿಸಿದ್ದೇನೆ. ಭಾವಿಸುವುದೇನು ಬಂತು, ಕ್ಷೇಮವೇ ಇರುತ್ತೀರಿ. ಇಷ್ಟು ವರ್ಷಗಳಲ್ಲಿ ಯಾವ ಡಿಕ್ಕಿಯಲ್ಲೂ ತಮಗೆ ಏನೂ ಆದದ್ದನ್ನು ಈ ಭಾಗದವರು ಕಂಡಿಲ್ಲ.

ತಮ್ಮನ್ನು ಅರಿಯದ ದೂರದ ಓದುಗರಿಗಾಗಿ ಮೊದಲು ತಮ್ಮ ಬಿರುದಾವಳಿಯನ್ನು ಹೇಳಿಬಿಡುತ್ತೇನೆ, ದೊಡ್ಡವರ ಸಭೆಯ ರೀತಿಯೇ ಹಾಗೆ. ನಮ್ಮಲ್ಲಿ ಕಬ್ಬು ಹೊರುವ ಟ್ರ್ಯಾಕ್ಟರಿಗೆ ಒಂದರ ಹಿಂದೊಂದು ಎರಡು ಟ್ರೇಲರ್ ಕಟ್ಟುತ್ತಾರೆ. ಎಲ್ಲಕ್ಕೂ ಮುಂದೆ ಟ್ರ್ಯಾಕ್ಟರು. ಅದಕ್ಕೆ ನಂಬರು ಇದೆ, ವಿಮೆ ಇದೆ, ದೀಪ ಇದೆ, ಮೂರು ಊರಿಗೆ ಕೇಳುವ ಹಾಡು ಇದೆ, ಮೇಲೆ ಕೂತ ಚಾಲಕ ಸಾತಪ್ಪ ಇದ್ದಾನೆ. ಅದರ ಬೆನ್ನಿಗೆ ಮೊದಲನೇ ಟ್ರೇಲರ್. ಸಾತಪ್ಪ ಕತ್ತು ಹೊರಳಿಸಿದರೆ ಅದರ ಒಂದು ಮೂಲೆಯಾದರೂ ಕಾಣುತ್ತದೆ. ಅದಕ್ಕೂ ಹಿಂದೆ ತಾವು. ತಮ್ಮನ್ನು ಸಾತಪ್ಪ ನೋಡಲಾರ, ಸಾತಪ್ಪನ ಮಾತನ್ನು ತಾವು ಕೇಳಲಾರಿರಿ. ಮುಂದಿನವರು ಎಡಕ್ಕೆ ಹೊರಳಿ ಎಷ್ಟೋ ಹೊತ್ತಾದ ಮೇಲೂ ತಾವು ಬಲಕ್ಕೇ ಯೋಚಿಸುತ್ತಿರುತ್ತೀರಿ. ನಂಬರಿಲ್ಲ, ದೀಪವಿಲ್ಲ, ಬ್ರೇಕಿಲ್ಲ, ಕೇಳುವವರಿಲ್ಲ. ಇಷ್ಟೆಲ್ಲ ಇಲ್ಲದಿರುವಿಕೆಯನ್ನು ಒಬ್ಬರಲ್ಲೇ ಒಟ್ಟಿಗೆ ಕಾಣಬೇಕೆಂದರೆ ನಾನು ಈವರೆಗೆ ಚುನಾವಣೆಯ ಪ್ರಚಾರದ ತನಕ ಕಾಯಬೇಕಾಗುತ್ತಿತ್ತು.

ಪ್ರತಿ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಕೂಡಿದಾಗ, ಹೊರಗೆ ಟೆಂಟಿನಲ್ಲಿ ಚಾದರ ಹೊದ್ದು ಕೂತು, ಪಗಾರ ಹೆಚ್ಚಿಸಿರಿ ಎಂದು ಗಂಟಲು ಹರಿಯುವಂತೆ ಕೂಗಿ ಬಂದವರಲ್ಲಿ ನಾನೂ ಒಬ್ಬಳು. ಆದ್ದರಿಂದ ಕಿವಿಯಿಲ್ಲದವರ ಜೊತೆ ಮಾತಾಡುವ ರೂಢಿ ನನಗೆ ಚೆನ್ನಾಗಿಯೇ ಇದೆ. ಆದರೂ ಈ ಸಲ ಕೂಗುವ ಬದಲು ಬರೆಯುತ್ತಿದ್ದೇನೆ. ಕಾರಣ, ಕೂಗಿದಾಗ ಟ್ರ್ಯಾಕ್ಟರಿನವರು ಹಾಡಿನ ದನಿ ಏರಿಸುತ್ತಾರೆ.

ಮಾನ್ಯರೇ, ಚಳಿಗಾಲದಲ್ಲಿ ಸೈಕಲ್ ತುಳಿಯುವ ಸುಖವನ್ನು ತಾವು ಬಲ್ಲಿರಾ? ಕಾಲುವೆಯ ಮೇಲೆ ಮಂಜು ಹಾಸಿರುತ್ತದೆ. ಕಿವಿಗೆ ಸ್ಕಾರ್ಫು, ಅದರ ಮೇಲೆ ಸೆರಗು, ಅದರ ಮೇಲೆ ಶಾಲು. ಬ್ರೇಕು ಹಿಡಿದ ಬೆರಳು ಎಳ್ಳಮಾವಾಸ್ಯೆಯ ಹೊತ್ತಿಗೆ ಕಟ್ಟಿಗೆಯಾಗಿ, ಅಂಗನವಾಡಿಗೆ ಹೋದ ಮೇಲೆ ಹತ್ತು ಕೂಸುಗಳ ಮೂಗು ಒರೆಸಿದರಷ್ಟೇ ಮತ್ತೆ ಬೆರಳಾಗುತ್ತದೆ. ಹಾದಿಯಲ್ಲಿ ಹೊಲದವರು ಸುಟ್ಟ ರವದಿಯ, ಅಂದರೆ ಕಬ್ಬಿನ ಒಣ ಗರಿಯ ಹೊಗೆ, ಕಾರ್ಖಾನೆಯ ಕಾಕಂಬಿಯ ವಾಸನೆ, ತಾವು ದಾರಿಯುದ್ದಕ್ಕೂ ದಾನ ಮಾಡಿಹೋದ ಕಬ್ಬು. ಅದರ ಮೇಲೆ ಗಾಲಿ ಏರಿದರೆ ಸೈಕಲ್ಲು ಒಂದು ಕಡೆ, ಸವಾರಳು ಒಂದು ಕಡೆ, ಬುತ್ತಿಯ ಡಬ್ಬಿ ಕಾಲುವೆಯ ಕಡೆ. ನಲವತ್ತು ದಾಟಿದ ಹೆಂಗಸು ಹೀಗೆ ಬಿದ್ದು ಎದ್ದು ಸೀರೆ ಝಾಡಿಸಿಕೊಳ್ಳುವಾಗ, ಚಹಾದಂಗಡಿಯ ಕಟ್ಟೆಯಿಂದ ಒಬ್ಬರಾದರೂ "ಒಂದ್ ಸ್ಕೂಟಿ ತಗೋಬಾರದೇನ್ರಿ ಟೀಚರ್?" ಎಂದು ಕರುಣೆ ತೋರಿಸುತ್ತಾರೆ. ನನ್ನ ಪಗಾರ ಕೇಳಿದ ಮೇಲೆ ಆ ಕರುಣೆ ಚಹಾದ ಕಡೆ ತಿರುಗುತ್ತದೆ.

ನನ್ನ ಜೊತೆ ಮುಂಜಾನೆ ಅರ್ಧ ದಾರಿ ಬರುವವಳು ಶಿವಾನಿ, ನನ್ನ ಭಾವ ಅಣ್ಣಪ್ಪನವರ ಮಗಳು. ಮೂಡಲಗಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಾಳೆ. ನಮ್ಮ ತೋಟದ ಕಡೆ ಬಸ್ಸಿಲ್ಲ. ಹೀಗಾಗಿ ಅವಳ ಓದು ಅಂದರೆ ಅವಳ ಸೈಕಲ್ಲು, ಸೈಕಲ್ಲು ಅಂದರೆ ಓದು; ಒಂದು ನಿಂತರೆ ಇನ್ನೊಂದು ನಿಂತ ಹಾಗೆಯೇ. ಇದಿಷ್ಟನ್ನು ತಾವು ಗಮನದಲ್ಲಿ ಇಟ್ಟುಕೊಳ್ಳಬೇಕು. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಈಗ ಚಳಿಗಾಲದ ಗುರಿಯೊಂದರ ಮಾತಿಗೆ ಬರುತ್ತೇನೆ. ಗೋಕಾಕದಲ್ಲಿ ಮುಂಜಾವು ಸೈಕಲ್ ಮಂಡಳಿ ಎಂಬುದೊಂದಿದೆ. ಅಧ್ಯಕ್ಷರು ಕಾಶಿನಾಥ ಧಣಿಗಳು, ಎಂಟು ಟ್ರ್ಯಾಕ್ಟರಿನ ಒಡೆಯರು. ವೈದ್ಯರು ಅವರಿಗೆ ಹೊಟ್ಟೆ ಇಳಿಸಲು ಹೇಳಿದಾಗಿನಿಂದ ಇಡೀ ತಾಲೂಕಿನ ಆರೋಗ್ಯದ ಚಿಂತೆ ಅವರಿಗೆ ಹತ್ತಿದೆ. ರವಿವಾರ ಬಿಸಿಲು ಏರಿದ ಮೇಲೆ ಇವರ ಸವಾರಿ ಹೊರಡುತ್ತದೆ. ಮುಂದೊಂದು ಜೀಪು ದಾರಿ ಬಿಡಿಸುತ್ತದೆ, ಹಿಂದೊಂದು ಜೀಪು ಬಾಳೆಹಣ್ಣು, ಕರದಂಟು ಮತ್ತು ದಣಿದ ಸದಸ್ಯರನ್ನು ಹೊತ್ತು ಬರುತ್ತದೆ. ಈ ಮಂಡಳಿಯವರು ಹಂಗಾಮಿನ ಆರಂಭದಲ್ಲಿ ಚಳಿಗಾಲದ ಸವಾರಿಯ ಗುರಿ ಸಂಕಲ್ಪ ಸಮಾರಂಭ ಎಂದು ಏರ್ಪಡಿಸಿ, ನಿತ್ಯ ಸೈಕಲ್ ತುಳಿಯುವ ಮಹಿಳೆಯರೆಂದು ನನ್ನನ್ನೂ ಶಿವಾನಿಯನ್ನೂ ಸನ್ಮಾನಕ್ಕೆ ಕರೆದರು. ಸೈಕಲ್ ಮೇಲೆಯೇ ಬರುತ್ತೇವೆ ಅಂದದ್ದಕ್ಕೆ, "ಬ್ಯಾಡ್ರಿ ಅಕ್ಕಾರ, ದೂರ ಆಗತೈತಿ, ದಣೀತೀರಿ" ಎಂದು ಜೀಪು ಕಳಿಸಿದರು. ಸೈಕಲ್ ತುಳಿದದ್ದಕ್ಕೆ ಸನ್ಮಾನ ಪಡೆಯಲು ನಾವು ಜೀಪಿನಲ್ಲಿ ಹೋದೆವು.

ವೇದಿಕೆಯ ಮೇಲೆ ಒಬ್ಬೊಬ್ಬರೂ ಮೈಕು ಹಿಡಿದು ಗುರಿ ಸಾರಿದರು. ಔಷಧಿ ಅಂಗಡಿಯ ಓಂಕಾರ ಅವರು ಈ ಚಳಿಗಾಲ ಸಾವಿರ ಕಿಲೋಮೀಟರ್ ಅಂದರು. ಧಣಿಗಳು ತಾವೂ ಸಾವಿರವೇ ಎಂದು, ಮಂಡಳಿ ಕೊಡುವ ಜಾಕೆಟ್ ತೊಟ್ಟು ಸಾವಿರ ಮುಟ್ಟಿದವರಿಗೆ ಪದಕ ಎಂದೂ ಸಾರಿದರು. ಮೈಕು ಶಿವಾನಿಯ ಕೈಗೆ ಬಂತು. ಅವಳು "ಗುರಿ ಅಂತ ಏನಿಲ್ರಿ. ಕತ್ತಲಾಗೂದ್ರಾಗ ಮನಿ ಮುಟ್ಟೂದು" ಅಂದಳು. ಸಭೆ ನಕ್ಕಿತು, ಆಮೇಲೆ ಚಪ್ಪಾಳೆ ತಟ್ಟಿತು. ನಿರೂಪಕರು "ಇನ್ನ ಸ್ವಲ್ಪ ದೊಡ್ಡ ಗುರಿ ಇಟ್ಕೋಬೇಕವಾ ತಂಗಿ" ಎಂದು ಬುದ್ಧಿ ಹೇಳಿದರು.

ಕಡೆಗೆ ಎಲ್ಲರಿಗೂ ಜಾಕೆಟ್ ಹಂಚಿದರು. ಬೆಳಕು ಬಿದ್ದರೆ ಫರ್ಲಾಂಗು ದೂರದಿಂದ ಉರಿಯುವಂಥ, ರಸ್ತೆ ಕೆಲಸದವರು ಹಾಕಿಕೊಳ್ಳುವಂಥ ಜಾಕೆಟ್. ಬೆನ್ನ ಮೇಲೆ ಕಾಶಿನಾಥ ಧಣಿಗಳ ನಗುಮುಖದ ದೊಡ್ಡ ಫೋಟೋ, ಅದರ ಕೆಳಗೆ "ಕಾಶಿನಾಥ ಧಣ್ಯಾರ ಗೆಳೆಯರ ಬಳಗ", ಅದರ ಕೆಳಗೆ ಅವರ ಫೋನ್ ನಂಬರು. ನಮ್ಮಿಬ್ಬರಿಗೂ ಸೇರಿ ಒಂದು ಕೊಟ್ಟರು. ಶಿವಾನಿ ಒಂದು ದಿನ ಹಾಕಿಕೊಂಡು ಹೋದಳು. ಅದು ಧಣಿಗಳ ಅಳತೆಗೆ ಹೊಲಿಸಿದ್ದು, ಇವಳ ಮೊಣಕಾಲು ದಾಟಿ ಚೈನಿಗೆ ಸಿಗುತ್ತಿತ್ತು. ಮೇಲಾಗಿ ಧಣಿಗಳ ಮುಖ ಬೆನ್ನಿಗೆ ಹೊತ್ತು ಕಾಲೇಜಿನ ಗೇಟು ಹೊಕ್ಕರೆ ಹುಡುಗರು "ಧಣ್ಯಾರು ಬಂದ್ರು, ಸರೀರಿ" ಎಂದು ದಾರಿ ಬಿಟ್ಟು ಕೈಮುಗಿಯತೊಡಗಿದರು. ಮನೆಗೆ ಬಂದವಳೇ ಅದನ್ನು ಮಡಚಿ ಟ್ರಂಕಿನ ಮೇಲೆ ಇಟ್ಟುಬಿಟ್ಟಳು.

ಮಾನ್ಯರೇ, ಅದೇ ವಾರ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ತಮಗೂ ಒಂದು ಸಮಾರಂಭ ನಡೆದದ್ದು ತಮಗೆ ನೆನಪಿರಬೇಕು. ತಮ್ಮನ್ನೂ ತಮ್ಮ ಬಂಧುಗಳನ್ನೂ ಮೈದಾನದಲ್ಲಿ ತೊಳೆದು ನಿಲ್ಲಿಸಿ, ಊದಿನಕಡ್ಡಿ ಹಚ್ಚಿ, ಕಾಯಿ ಒಡೆದು, ತಮ್ಮ ಹಿಂಬದಿಯ ಹಲಗೆಗೆ ಕೆಂಪು ಹೊಳೆಯುವ ಪಟ್ಟಿ ಅಂಟಿಸಿದರು. ದೊಡ್ಡವರು ಹೆಬ್ಬೆರಳಿನಿಂದ ಪಟ್ಟಿಯನ್ನು ಒತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಚೆಂದ ಹೊಳೆಯಿತು. ತಾವು ಆಗ ಖಾಲಿ ಇದ್ದಿರಿ. ತಾವು ಖಾಲಿ ಇರುವುದು ಹಂಗಾಮಿನಲ್ಲಿ ಅದೊಂದೇ ದಿನ ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಕಬ್ಬು ಏರಿದ ಮೇಲೆ ಅದರ ತುದಿಗಳು ಹಿಂದಕ್ಕೆ ಮಾರುದ್ದ ಜೋತುಬಿದ್ದು, ಆ ಪಟ್ಟಿ ಹೊಸ ಸೊಸೆಯಂತೆ ಒಳಗೆ ಸೇರಿಬಿಡುತ್ತದೆ. ಈಗ ಅದು ಹೊಳೆಯುವುದೆಲ್ಲ ಒಳಗಿನ ಇಲಿಗಳಿಗೆ.

ತಮ್ಮನ್ನೊಬ್ಬರನ್ನೇ ದೂರಿದರೆ ಅನ್ಯಾಯವಾದೀತು, ನಮ್ಮ ಮನೆಯದನ್ನೂ ಹೇಳುತ್ತೇನೆ. ನಮ್ಮ ಹೊಲದ ಪಾಳಿ ಬಂದು ತಾವು ನಮ್ಮ ತೋಟಕ್ಕೆ ಚಿತ್ತೈಸಿದ ದಿನ, ಅಣ್ಣಪ್ಪನವರು ಕೈಮುಗಿಯುವುದೊಂದು ಬಾಕಿ. ಕಡಿದ ಕಬ್ಬು ಹೊಲದಲ್ಲಿ ನಿಂತರೆ ಒಣಗುತ್ತದೆ, ತೂಕ ಕಡಿಮೆಯಾಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿನವರು ಸಾಕೆಂದು ಕೈ ಝಾಡಿಸಿದರೂ ಇವರು ಬಿಡಲಿಲ್ಲ. "ಇನ್ನೊಂದ್ ನಾಕ್ ಹೊರಿ ಹಾಕ್ರೆಪಾ. ಇಷ್ಟರ ಸಲುವಾಗಿ ಮತ್ತೊಂದ್ ಗಾಡಿ ಯಾವಾಗ ಬರತೈತೋ ಏನೋ." ಆ ನಾಲ್ಕು ಹೊರೆ ತಮ್ಮ ಬಾಲಕ್ಕೇ ಬಿದ್ದವು. ತಾವು ಹಿಂದಕ್ಕೆ ಇನ್ನಷ್ಟು ಬೆಳೆದಿರಿ. ಅಪಾಯ ಆಗಬಾರದೆಂದು ಅಣ್ಣಪ್ಪನವರು ಹೆಗಲ ಮೇಲಿನ ಟವಲು, ಆ ಕೆಂಪು ವಲ್ಲಿಯನ್ನೇ ತೆಗೆದು ಕಬ್ಬಿನ ತುದಿಗೆ ಕಟ್ಟಿದರು. ನಮ್ಮ ಭಾಗದ ಅಪ್ಪ ಅಜ್ಜಂದಿರು ಕಟ್ಟುತ್ತ ಬಂದ ಎಚ್ಚರಿಕೆ ಅದು. ಹಗಲಿಗೆ ಕೆಂಪು, ಕತ್ತಲಿಗೆ ಕಪ್ಪು.

ಆ ಸಂಜೆ ಶಿವಾನಿಗೆ ಪ್ರಯೋಗದ ತರಗತಿ ಇತ್ತು, ಬಿಡುವಾಗ ಹೊತ್ತು ಮುಳುಗಿತ್ತು. ಚಳಿಗಾಲದ ಸೂರ್ಯನಿಗೂ ಸರಕಾರಿ ನೌಕರನಿಗೂ ಮನೆಗೆ ಹೋಗುವ ಅವಸರ. ಕಾಲುವೆ ಸೇತುವೆಯ ಏರು ಬಂದಾಗ ತಮ್ಮವರ ಪದ್ಧತಿಯೊಂದಿದೆ. ಎರಡು ಟ್ರೇಲರ್ ಒಟ್ಟಿಗೆ ಏರಲಾರವೆಂದು ಹಿಂದಿನದನ್ನು ಕಳಚಿ, ಗಾಲಿಗೆ ಕಲ್ಲು ಕೊಟ್ಟು, ಮುಂದಿನದನ್ನು ಏರಿಸಿ ಒಯ್ಯುತ್ತಾರೆ. ಆಮೇಲೆ ತಿರುಗಿ ಬಂದು ತಮ್ಮನ್ನು ಕರೆದೊಯ್ಯುತ್ತಾರೆ. ಆಮೇಲೆ ಎಂದರೆ, ಸಾತಪ್ಪನ ಚಹಾ ಮುಗಿದ ಮೇಲೆ. ಹೀಗೆ ತಾವು ನಡು ಡಾಂಬರಿನ ಮೇಲೆ, ದೀಪವಿಲ್ಲದೆ, ಜೊತೆಗಾರರಿಲ್ಲದೆ, ಧ್ಯಾನಕ್ಕೆ ಕೂತಿದ್ದಿರಿ. ಎದುರಿನಿಂದ ಬಂದ ಕಾರಿನ ದೀಪ ಶಿವಾನಿಯ ಕಣ್ಣಿಗೆ ಹೊಡೆಯಿತು. ಆ ಬೆಳಕಿನ ಹಿಂದೆಯೇ ತಾವಿದ್ದಿರಿ.

ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ನಮ್ಮ ಬಾಜೂ ತೋಟದ ಧರಣೇಂದ್ರ ಅವಳನ್ನು ಎಬ್ಬಿಸಿ ಕೂಡಿಸಿ ನಮಗೆ ಫೋನು ಮಾಡಿದ. ಅಣ್ಣಪ್ಪನವರೂ ನಾನೂ ಹೋಗುವಷ್ಟರಲ್ಲಿ ಹುಬ್ಬು ಒಡೆದು ಮುಖವೆಲ್ಲ ರಕ್ತವಾಗಿತ್ತು. ಕಬ್ಬಿನ ತುದಿ ಕಣ್ಣಿಗೆ ಬೆರಳಗಲ ಮೇಲೆ ತಾಗಿತ್ತು. ಅಷ್ಟರ ಮಟ್ಟಿಗೆ ತಮ್ಮ ಔದಾರ್ಯವನ್ನು ನಾನು ಮರೆಯುವವಳಲ್ಲ. ಸೈಕಲ್ಲಿನ ಮುಂದಿನ ಗಾಲಿ ಮಡಚಿದ ರೊಟ್ಟಿಯಾಗಿತ್ತು. ಅವಳು ಅಳುತ್ತಿರಲಿಲ್ಲ. ಕೈ ಚಾಚಿ, ಮೇಲೆ ಜೋತಾಡುತ್ತಿದ್ದ ಬಟ್ಟೆ ತೋರಿಸಿ, "ಅಪ್ಪಾ, ನಿನ್ನ ವಲ್ಲಿ ಇಲ್ಲೇ ಐತಿ ನೋಡ" ಅಂದಳು. ಅಣ್ಣಪ್ಪನವರು ಅಲ್ಲಿಯೇ, ಸ್ವಂತ ಹೊಲದ ಕಬ್ಬಿನ ಕೆಳಗೆ, ಕುಕ್ಕರಿಸಿ ಕೂತುಬಿಟ್ಟರು.

ಹುಬ್ಬಿಗೆ ಹೊಲಿಗೆ ಹಾಕಿಸಿ ಮರುದಿನ ನಾನು ತಮ್ಮ ಒಡೆಯರನ್ನು ಹುಡುಕಿಕೊಂಡು ಹೊರಟೆ. ಪೊಲೀಸರು ಸಜ್ಜನರು, ಕುರ್ಚಿ ಕೊಟ್ಟು "ಟ್ರೇಲರ್ ನಂಬರ್ ಹೇಳ್ರಿ ಅಕ್ಕಾರ" ಅಂದರು. ನಂಬರಿಲ್ಲ ಅಂದೆ. "ಹಂಗಾರ ಯಾರ ಮ್ಯಾಲ ಬರಕೊಳ್ಳೂಣು?" ಅಂದರು. ಕಾರ್ಖಾನೆಯವರು, ತಾವು ಗೇಟಿನ ಒಳಗೆ ಬಂದ ಮೇಲಷ್ಟೇ ಕಾರ್ಖಾನೆಗೆ ಸೇರಿದವರೆಂದರು. ಸಾತಪ್ಪ ತಾನು ಟ್ರ್ಯಾಕ್ಟರಿನ ಚಾಲಕನೇ ಹೊರತು ಟ್ರೇಲರಿನ ಚಾಲಕನಲ್ಲ ಎಂದ. ಕಾಶಿನಾಥ ಧಣಿಗಳು ಚಹಾ ಕುಡಿಸಿ, "ಟ್ರ್ಯಾಕ್ಟರ್ ನಂದು, ಮುಂದಿನ ಟ್ರೇಲರ್ ನಂದು ಶೋಭಕ್ಕಾ, ಖರೆ ಹೇಳ್ತೀನಿ. ಹಿಂದಿಂದು ಯಾರದೋ ಬಾಡಿಗಿದು. ಅಲ್ಲಾ, ಹುಡುಗಿ ನಮ್ಮ ಜಾಕೆಟ್ ಹಾಕ್ಕೋಬೇಕಿತ್ತಲ್ಲ?" ಅಂದರು. ಧಣಿಗಳೇ, ಅವಳು ಟ್ರೇಲರಿಗೆ ಕಾಣಬೇಕಿರಲಿಲ್ಲ, ಅದಕ್ಕೆ ಕಣ್ಣಿಲ್ಲ. ಟ್ರೇಲರ್ ಅವಳಿಗೆ ಕಾಣಬೇಕಿತ್ತು ಎಂದೆ. ಅವರು ಇನ್ನೊಂದು ಚಹಾ ಹೇಳಿದರು.

ಹೀಗೆ ತಮಗೆ ತಂದೆಯಿಲ್ಲ, ತಾಯಿಯಿಲ್ಲ, ಒಡೆಯನಿಲ್ಲ ಎಂದು ಎಲ್ಲ ದೊಡ್ಡವರೂ ಒಮ್ಮತದಿಂದ ತೀರ್ಮಾನಿಸಿದ್ದರಿಂದ, ತಾವು ಸ್ವಯಂಭೂ ಎಂಬುದು ನನಗೆ ಖಾತ್ರಿಯಾಗಿ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ನನ್ನ ದೂರು ಹುಬ್ಬಿನದಲ್ಲ, ಹುಬ್ಬು ಕೂಡಿಕೊಂಡಿತು. ಗಾಲಿಯದೂ ಅಲ್ಲ. ಆ ರಾತ್ರಿ ಅಣ್ಣಪ್ಪನವರು "ಹಂಗಾಮ ಮುಗಿಯೂತನಾ ಸಾಲಿ ಬಂದ್" ಎಂದುಬಿಟ್ಟರು. ಹಂಗಾಮು ಮುಗಿಯುವುದಕ್ಕೂ ಅವಳ ಪರೀಕ್ಷೆ ಮುಗಿಯುವುದಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. ಮೋಟರಸೈಕಲ್ ಮೇಲೆ ಬಿಟ್ಟುಬರೋಣವೆಂದರೆ ಕಬ್ಬು ಕಡಿಯುವ ದಿನಗಳಲ್ಲಿ ಅವರು ಹೊಲ ಬಿಟ್ಟು ಅಲುಗುವ ಹಾಗಿಲ್ಲ. ಒಂದು ವರ್ಷ ಹೋದರೆ ಹೋಗಲಿ, ಮುಂದಿನ ವರ್ಷ ಕಟ್ಟಿದರಾಯಿತು ಎಂದರು. ಮುಂದಿನ ವರ್ಷ ಕಟ್ಟುವುದು ಪರೀಕ್ಷೆಯನ್ನೋ ತಾಳಿಯನ್ನೋ ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಿವಾನಿಯ ತಾಯಿ ಯಮನವ್ವ ಸಾಮಾನ್ಯವಾಗಿ ಗಂಡನಿಗೆ ಎದುರಾಡುವವಳಲ್ಲ. ಅವತ್ತು ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಅಂದಳು: "ಕಬ್ಬ ನಾಕ್ ದಿನ ನಿಂತರ ಒಣಗತೈತಿ ಅಂತ ಕಂಡಕಂಡವರ ಕಾಲ ಹಿಡೀತಿ. ಹುಡುಗಿ ಒಂದ್ ವರ್ಷ ನಿಂತರ ಒಣಗೂದಿಲ್ಲೇನ?"

ಅಣ್ಣಪ್ಪನವರು ಉಣ್ಣದೆ ಎದ್ದರು. ಆದರೆ ಮಾತು ಹಿಂದಕ್ಕೆ ತಗೊಳ್ಳಲಿಲ್ಲ. ಮನೆಯ ಗಂಡಸು ಒಂದು ಸಲ ಬಾಯಿಂದ ಬಿಟ್ಟ ಮಾತು ಥೇಟು ತಮ್ಮ ಹಾಗೆ, ಬ್ರೇಕಿರುವುದಿಲ್ಲ.

ಈಗ ನನ್ನ ವಿನಂತಿಗಳು. ತಾವು ದೊಡ್ಡ ಮನಸ್ಸು ಮಾಡಿ ಕತ್ತಲಾಗುವ ಮೊದಲು ಸೇತುವೆಯನ್ನು ಸ್ವಂತ ಬಲದಿಂದ ಏರಬೇಕು. ಅದು ಆಗದಿದ್ದರೆ, ಒಬ್ಬರೇ ನಿಂತಿರುವಾಗ ಒಂದಿಷ್ಟು ಕೆಮ್ಮಬೇಕು. ನಮ್ಮ ಹಿರಿಯರು ಹಿತ್ತಲಿಗೆ ಹೋಗುವಾಗ ಕೆಮ್ಮುತ್ತಾರೆ, ಎದುರಿನವರಿಗೆ ಅಲ್ಲಿ ಯಾರೋ ಇದ್ದಾರೆಂದು ತಿಳಿಯುತ್ತದೆ. ಹೊರಳುವಾಗ ಮುಂದಿನವರು ಹೊರಳಿದ ದಿಕ್ಕಿಗೇ ಹೊರಳುವ ಸಂಕಲ್ಪ ಮಾಡಬೇಕು, ಚಳಿಗಾಲದ ಗುರಿ ಎಂದಾದರೂ ಇಟ್ಟುಕೊಳ್ಳಬೇಕು. ಒಡೆಯರು ತಮ್ಮನ್ನು ಅಲ್ಲಗಳೆದಾಗ, ಹಾಗಾದರೆ ಲೆಕ್ಕದ ಹೊತ್ತಿನಲ್ಲಿ ನನ್ನ ಬಾಡಿಗೆಯನ್ನು ಮಾತ್ರ ಹೇಗೆ ಎಣಿಸಿಕೊಳ್ಳುತ್ತೀರಿ ಎಂದು ಅವರನ್ನು ಒಂದು ಮಾತು ಕೇಳಬೇಕು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ, ಚಂದ್ರನ ಮೇಲೆ ಇಳಿಸುವ ಗಾಡಿಯ ಲೆಕ್ಕ ಹಾಕುತ್ತಾರೆ. ತಮ್ಮ ಬಾಲಕ್ಕೆ ಒಂದು ದೀಪ ಹೇಗೆ ಹಚ್ಚುವುದೆಂಬುದು ಚಂದ್ರನಿಗಿಂತ ದೂರದ ವಿಷಯವೆಂದು ನನಗೆ ಗೊತ್ತು, ಅದನ್ನು ಕೇಳುವುದಿಲ್ಲ.

ಇವು ಯಾವುವನ್ನೂ ನಾನು ಬರೆದು ಕಳಿಸುವ ಮೊದಲೇ ತಾವು ಮತ್ತೆ ನಮ್ಮ ಹೊಲಕ್ಕೆ ಬಂದಿರಿ, ಉಳಿದ ಕಬ್ಬು ಒಯ್ಯಲು. ಅದೇ ಗ್ಯಾಂಗು, ಅದೇ ಸಾತಪ್ಪ. ಹೊರೆಗಳೆಲ್ಲ ಏರಿ ಮುಗಿದಾಗ ಅಣ್ಣಪ್ಪನವರು ರೂಢಿಯಂತೆ "ಇನ್ನೊಂದ್ ನಾಕ್ ಹೊರಿ" ಎಂದು ಬಾಯಿ ತೆಗೆದರು. ಬಾಗಿಲಲ್ಲಿ ಶಿವಾನಿ ನಿಂತಿದ್ದಳು, ಹುಬ್ಬಿನ ಮೇಲೆ ಬಿಳಿ ಪಟ್ಟಿ. ಬಾಯಿ ಹಾಗೆಯೇ ಮುಚ್ಚಿತು. ನಾನು ಒಳಗೆ ಹೋಗಿ ಟ್ರಂಕಿನ ಮೇಲಿನ ಜಾಕೆಟ್ ತಂದು ಅವರ ಕೈಗೆ ಕೊಟ್ಟೆ. "ಭಾವಾರ, ಈ ಸಲ ವಲ್ಲಿ ಬ್ಯಾಡ್ರಿ, ಇದನ್ನ ಕಟ್ರಿ" ಅಂದೆ. ಅವರು ಜಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಧಣಿಗಳ ನಗುಮುಖ ನೋಡಿದರು. ಏಣಿ ಹಾಕಿ ಹತ್ತಿದರು. ಹಿಂದಕ್ಕೆ ಜೋತುಬಿದ್ದ ಹೊರೆಗಳನ್ನು ಒಂದೊಂದಾಗಿ ಜಗ್ಗಿ ಕೆಳಗೆ ಒಗೆದರು. ಉಳಿದದ್ದಕ್ಕೆ ಆ ಜಾಕೆಟ್ಟನ್ನು ಎರಡು ತೋಳು ಅಗಲಿಸಿ, ಹಗ್ಗ ಸುತ್ತಿ, ಬಿಗಿಯಾಗಿ ಕಟ್ಟಿದರು. ಒಗೆದ ಕಬ್ಬು ಹೊಲದಲ್ಲಿಯೇ ಉಳಿಯಿತು. ಗ್ಯಾಂಗಿನವರು ಅವರಿಗೇನೋ ಆಗಿದೆ ಎಂದುಕೊಂಡರು.

ಸಾತಪ್ಪ ಬೇಡವೆನ್ನಲು ಬಂದ. ಹತ್ತಿರ ಬಂದು ಫೋಟೋ ಕಂಡು, ರುಮಾಲು ಸರಿಮಾಡಿಕೊಂಡು ನಿಂತ. "ಧಣ್ಯಾರ ಮಾರಿ ಐತಲ್ರಿ. ಕಿತ್ತು ಒಗ್ಯಾಕೂ ಬರೂದಿಲ್ಲ" ಅಂದ. ಅಂದಿನಿಂದ ಪ್ರತಿ ಹೇರಿಗೂ ಅವನೇ ಬಿಚ್ಚಿ ಅವನೇ ಕಟ್ಟುತ್ತಾನೆ, ನೆಲಕ್ಕೆ ತಾಗದಂತೆ. ಕಾನೂನು ಮಾಡದ್ದನ್ನು ಧಣಿಗಳ ಮುಖ ಮಾಡಿತು.

ಈಗ ತಾವು ಕತ್ತಲಲ್ಲಿ ಏರಿನ ಮೇಲೆ ಒಬ್ಬರೇ ನಿಂತರೆ, ಬಂದವರ ದೀಪಕ್ಕೆ ಮೊದಲು ಉರಿಯುವುದು ಕಾಶಿನಾಥ ಧಣಿಗಳ ನಗು. ಅದರ ಕೆಳಗೆ ಫೋನು. ಜನ ನಿಂತು, ಓದಿ, ಅಲ್ಲಿಂದಲೇ ಫೋನು ಹಚ್ಚುತ್ತಾರೆ: "ಧಣ್ಯಾರ, ನಿಮ್ಮ ಟ್ರೇಲರ್ ನಡು ರಸ್ತಿ ಮ್ಯಾಲ ನಿಂತೈತ್ರಿ, ತಗಸ್ರಿ." ಅದು ನನ್ನದಲ್ಲ ಎಂದು ಅವರು ಹೇಳಲಾರರು, ಮುಖವೇ ಸಾಕ್ಷಿ. ಜಾಕೆಟ್ ಬಿಚ್ಚಿಸಿರಿ ಎನ್ನಲೂ ಆರರು, ಹಂಚಿದವರೇ ಅವರು. ಈಗ ಸಾತಪ್ಪನ ಚಹಾ ಅರ್ಧಕ್ಕೇ ಮುಗಿಯುತ್ತದೆಂದು ಕೇಳಿದ್ದೇನೆ. ಜಾಕೆಟ್ ಸಿಕ್ಕ ಉಳಿದ ಮನೆಗಳಲ್ಲಿಯೂ ನಾನು ಹೋಗಿ ಕೇಳಿದೆ. ಒಂದು ಜೋಳದ ಹೊಲದಲ್ಲಿ ಹಕ್ಕಿ ಓಡಿಸುತ್ತಿತ್ತು, ಒಂದು ಎಮ್ಮೆಯ ಬೆನ್ನಿನ ಮೇಲಿತ್ತು. ಎಲ್ಲ ತಂದು ತಮ್ಮ ಬಂಧುಗಳಿಗೆ ಕಟ್ಟುತ್ತಿದ್ದೇವೆ. ಎಂಟು ಟ್ರ್ಯಾಕ್ಟರಿನ ಒಡೆಯರಿಗೆ ಇಷ್ಟೊಂದು ಹಿಂದಿನ ಟ್ರೇಲರುಗಳಿದ್ದವೆಂದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಅಣ್ಣಪ್ಪನವರು ತಮ್ಮ ಮಾತನ್ನು ಈವರೆಗೂ ಹಿಂದಕ್ಕೆ ತಗೊಂಡಿಲ್ಲ. ಸೈಕಲ್ಲನ್ನು ಮಾತ್ರ ಮೂಡಲಗಿಗೆ ಒಯ್ದು, ಗಾಲಿಯ ಬೆಂಡ್ ತೆಗೆಸಿ, ಮುಂದೊಂದು ದೀಪ ಹಾಕಿಸಿ ತಂದು ಗೋಡೆಗೆ ಆನಿಸಿ ನಿಲ್ಲಿಸಿದರು. ಯಮನವ್ವ "ಸಾಲಿ ಬಂದ್ ಇದ್ದ ಹುಡುಗಿಗಿ ದೀಪ ಯಾಕ್ ಬೇಕಿತ್ತು?" ಎಂದು ಕೇಳಿದ್ದಕ್ಕೆ "ಸುಮ್ನ ಇರ್ಲಿ" ಅಂದರು. ಮರುದಿನ ಮುಂಜಾನೆ ಮಂಜಿನಲ್ಲಿ ಎರಡು ಸೈಕಲ್ಲು ಹೊರಟವು.

ಶಿವಾನಿಯ ಗುರಿ ಅದೇ ಇದೆ. ನಿನ್ನೆ ಮುಟ್ಟಿದಳು. ನಾಳೆಯದಕ್ಕಾಗಿ ಕೈಮುಗಿದು ಕೇಳೋಣವೆಂದರೆ ತಾವು ಕೇಳುವವರಲ್ಲ, ಆದ್ದರಿಂದ ಹಗ್ಗವನ್ನೇ ಬಿಗಿಯಾಗಿ ಕಟ್ಟುತ್ತೇವೆ.

ತಮ್ಮ ಬೆನ್ನನ್ನೇ ನೋಡುತ್ತ ಬಂದ,
ತಮ್ಮ ವಿಶ್ವಾಸಿ,
ಶೋಭಾ
ಅಂಗನವಾಡಿ ಶಿಕ್ಷಕಿ, ಸೈಕಲ್ ಸವಾರಳು

ತಾ.ಕ.: ಮಂಡಳಿಯ ಜಾಕೆಟ್ ತೊಟ್ಟು ಸಾವಿರ ಕಿಲೋಮೀಟರ್ ಮುಟ್ಟಿದವರಿಗೆ ಪದಕವೆಂದು ಧಣಿಗಳು ತುಂಬಿದ ಸಭೆಯಲ್ಲಿ ಸಾರಿದ್ದಾರೆ. ಸದಸ್ಯರಲ್ಲಿ ಯಾರೂ ಇನ್ನೂ ಅರ್ಧ ದಾರಿಯನ್ನೂ ದಾಟಿಲ್ಲವಂತೆ, ಚಳಿ ಬಹಳ ಎನ್ನುತ್ತಿದ್ದಾರೆ. ಜಾಕೆಟ್ ತೊಟ್ಟು ಸಾವಿರ ಮುಟ್ಟಿದವರು ತಾವೊಬ್ಬರೇ. ಸಮಾರಂಭಕ್ಕೆ ತಾವು ಖಂಡಿತ ಬರಬೇಕು. ವೇದಿಕೆಯ ಕಡೆ ಹೊರಳುವಾಗ ಮಾತ್ರ ಯಾವ ದಿಕ್ಕಿಗೆ ಎಂದು ಮೊದಲೇ ತಿಳಿಸಿದರೆ, ಮುಂದಿನ ಸಾಲಿನಲ್ಲಿ ಕೂತ ದೊಡ್ಡವರನ್ನು ಸರಿಸುವುದೋ ಬೇಡವೋ ಎಂದು ನಾವು ಕೂತು ವಿಚಾರ ಮಾಡುತ್ತೇವೆ.